ಅವನು ಮುಟ್ಟದೆ ಬಿಟ್ಟ ಕಾರ್ಬೊರೇಟರ್

ಮೇದಿನಿ ಎಸೆದ ಸ್ಪ್ಯಾನರ್ ಹೃಷಿಕೇಶನ ಕಿವಿ ಸವರಿಕೊಂಡು ಹೋಗಿ ಅವನ ರಿಪೇರಿ ಶೆಡ್ಡಿನ ತಗಡಿಗೆ ಬಡಿಯಿತು. ಕಿವಿಯ ತುದಿಯಲ್ಲಿ ರಕ್ತದ ಹನಿಯೊಂದು ನಿಂತು, ಯೋಚಿಸಿ, ಇಳಿಯಿತು.

"ಗುರಿ ತಪ್ಪಿತು," ಎಂದ ಅವನು.

"ತಪ್ಪಿಲ್ಲ. ಕಿವಿಗೇ ಹೊಡದೀನಿ. ಮಾತು ನೆಟ್ಟಗ ಕೇಳಸಲಿ ಅಂತ."

ಅವಳ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ, ಕೈಗಾಡಿಯ ಮೇಲೆ ಅವಳ ಅಣ್ಣ ಅನಿಲನ ಜಾವಾ ಬೈಕು ಮಲಗಿತ್ತು. ಮೈಸೂರಿನಲ್ಲಿ ಹುಟ್ಟಿ, ಅಪ್ಪನ ಬ್ಯಾಂಕ್ ವರ್ಗಾವಣೆಯ ಜೊತೆ ಧಾರವಾಡದಿಂದ ವಡೋದರಾಕ್ಕೆ ಬಂದ, ಅರವತ್ತೆರಡನೇ ಇಸವಿಯ ಗಾಡಿ. ಹನ್ನೊಂದು ತಿಂಗಳ ಹಿಂದೆ ಹೈವೇಯಲ್ಲಿ ಅದರ ಇಂಜಿನ್ ಕಚ್ಚಿಕೊಂಡು, ಹಿಂದಿನ ಚಕ್ರ ಗಕ್ಕನೆ ನಿಂತು, ಅನಿಲನನ್ನು ಲಾರಿಯ ಕೆಳಗೆ ಎಸೆದಿತ್ತು.

ಅಪಘಾತದ ಹಿಂದಿನ ದಿನವಷ್ಟೇ ಅದರ ಕಾರ್ಬೊರೇಟರ್ ಬಿಚ್ಚಿ ಜೋಡಿಸಿದವನು ಹೃಷಿಕೇಶ. ಜೋಡಿಸುವ ನಡುವೆಯೇ, ತಂಗಿಯನ್ನು ಪ್ರೀತಿಸಿದ್ದಕ್ಕೆ, ಅನಿಲ ಅವನ ಕೆನ್ನೆಗೆ ಬಿಗಿದಿದ್ದ. ಸೇಡಿಗೆ ಏನೋ ಮಾಡಿದ ಎಂದು ಮಂಜಲ್‌ಪುರ ಬಡಾವಣೆಯ ಕನ್ನಡದ ಮನೆಗಳೆಲ್ಲ ತೀರ್ಮಾನಿಸಿದವು. ಹೃಷಿಕೇಶ ಒಮ್ಮೆಯೂ ಅಲ್ಲ ಎನ್ನಲಿಲ್ಲ. ಮೇದಿನಿಗೆ ನಿದ್ದೆ ಕೆಡಿಸಿದ್ದು ಅದೇ.

"ಪೂರಾ ರಿಪೇರಿ ಮಾಡು. ನನ್ನ ಮುಂದ. ನಿಂದೇ ತಪ್ಪು ಅಂತ ಗೊತ್ತಾದ್ರ ತಲಿ ಒಡೀತೀನಿ."

"ನಂದಲ್ಲ ಅಂತ ಗೊತ್ತಾದ್ರ?"

ಅವಳು ದುಪಟ್ಟಾದ ತುದಿಯಿಂದ ಅವನ ಕಿವಿ ಒರೆಸಿದಳು, ತಳ ಹತ್ತಿದ ಪಾತ್ರೆ ಉಜ್ಜುವ ಹಾಗೆ.

ಪ್ರತಿ ಭಾನುವಾರ ಬಂದಳು. ಮಗುಚಿದ ಆಯಿಲ್ ಡಬ್ಬದ ಮೇಲೆ ಕೂತು ನೋಡಿದಳು. ಅವನು ಮುಂದಿನ ಚಕ್ರದ ಸೊಟ್ಟ ಫೋರ್ಕನ್ನು ಹೊಡೆದು ನೆಟ್ಟಗೆ ಮಾಡಿದ, ಟ್ಯಾಂಕಿನ ತಗ್ಗುಗಳನ್ನು ಒಂದೊಂದಾಗಿ ಬಡಿದು ಎಬ್ಬಿಸಿದ, ಕಚ್ಚಿಕೊಂಡ ಇಂಜಿನ್ ಬಿಡಿಸಿದ. ಹಿಂದಿನ ಚಕ್ರದ ರಿಮ್ ವಡೋದರಾದಲ್ಲಿ ಸಿಗಲಿಲ್ಲ. ಅವಳೇ ಅಹಮದಾಬಾದಿಗೆ ಹೋಗಿ, ಮಣಿನಗರದ ಗುಜರಿಯಲ್ಲಿ ಹುಡುಕಿ, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದಳು.

ಅವನು ತಲೆ ಎತ್ತಿದರೆ ಅವಳ ಕಣ್ಣು ಸುತ್ತಿಗೆಯ ಮೇಲೆ. ತಲೆ ತಗ್ಗಿಸಿದರೆ ಅವನ ಕತ್ತಿನ ಮೇಲೆ. ಇದು ಅವನಿಗೂ ಗೊತ್ತಿತ್ತು.

"ಬೆರಳ ನೋಡ್ಕೊ. ಜಜ್ಜೀತು."

"ಜಜ್ಜಿದ್ರ ನಿಮ್ಮನಿಯಾಗ ಹೋಳಗಿ ಮಾಡ್ತಾರ."

ಅವಳು ತುಟಿ ಕಚ್ಚಿಕೊಂಡಳು. ನಗುವಿಗೆ ಇನ್ನೂ ಅನುಮತಿ ಇರಲಿಲ್ಲ.

ಏಳನೇ ಭಾನುವಾರ ಅಂದಳು: "ಎಲ್ಲಾ ಮುಟ್ಟಿದಿ. ಕಾರ್ಬೊರೇಟರ್ ಒಂದ ಬಿಟ್ಟಿ."

ಸುತ್ತಿಗೆ ಕೆಳಗಿಟ್ಟ ಅವನು. "ಆವತ್ತು ಅನಿಲ ಹೊಡದಾಗ ಪೆಟ್ರೋಲ್ ಬಿಡೋ ಬ್ಯಾರೆ ಬ್ಯಾರೆ ತೂತಿನ ಜೆಟ್ ಇಟ್ಟಿದ್ದ ತಾಟು ಬಿತ್ತು. ನೆಲದ ತುಂಬ ಚೆಲ್ಲಿದ್ವು. ಒಂದು ಹೆಕ್ಕಿ ಹಾಕಿದೆ. ಯಾವುದು ಹಾಕಿದೆ, ನೆನಪಿಲ್ಲ. ಸಣ್ಣ ತೂತಿಂದು ಬಿದ್ದಿದ್ರ ಪೆಟ್ರೋಲ್ ಕಡಿಮಿ ಹೋಗಿ ಇಂಜಿನ್ ಸುಟ್ಟು ಕಚ್ಚಿಕೊಳ್ತದ. ನಾನೇ ಕೊಂದೀನೋ ಇಲ್ಲೋ, ನನಗೇ ಗೊತ್ತಿಲ್ಲ, ಮೇದಿನಿ."

"ಬಿಚ್ಚು."

ಮೊದಲು ಸ್ಪಾರ್ಕ್ ಪ್ಲಗ್ ತೆಗೆದ. ಕಂದು ಬಣ್ಣ ಇರಬೇಕಿದ್ದ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. "ಪೆಟ್ರೋಲ್ ಕಡಿಮಿ. ಇಲ್ಲಾ, ಗಾಳಿ ಜಾಸ್ತಿ."

ಮೇದಿನಿ ಸುತ್ತಿಗೆ ಎತ್ತಿಕೊಂಡಳು. ತಮಾಷೆಯಾಗಿರಲಿಲ್ಲ. ಅವನು ನೋಡಿದ, ಸರಿಯಲಿಲ್ಲ. ಅವಳಿಗೆ ಸುಲಭವಾಗಲೆಂದು ಬೇಕಂತಲೇ ತಲೆ ಬಗ್ಗಿಸಿ ಕಾರ್ಬೊರೇಟರಿನ ತಳಕ್ಕೆ ಕೈ ಹಾಕಿದ.

ಕಡಲೆಕಾಳಿನಷ್ಟು ಹಿತ್ತಾಳೆಯ ಜೆಟ್. ಅದರ ಮೇಲಿನ ನಂಬರು ಓದಲಾರದೆ ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಬಿಸಿಲಿಗೆ ಹಿಡಿದಳು.

"ತೊಂಬತ್ತೆರಡು."

"ಇನ್ನೊಮ್ಮೆ ಓದು."

"ತೊಂಬತ್ತೆರಡು. ಇದು ಸಣ್ಣದೋ ದೊಡ್ಡದೋ, ಬೊಗಳು."

"ಸರಿಯಾದದ್ದು," ಎಂದು ನೆಲದ ಮೇಲೆ ಕೂತುಬಿಟ್ಟ.

ಸುತ್ತಿಗೆ ಅವಳ ಕೈಯಲ್ಲೇ ಇತ್ತು. "ಹಂಗಾರ ಗಾಳಿ. ಎಲ್ಲಿಂದ?"

ಜೆಟ್ ಮತ್ತೆ ಹಾಕಿ, ಹೊಸ ಪೆಟ್ರೋಲ್ ಸುರಿದು, ಕಿಕ್ ಹೊಡೆದ. ಏಳನೆಯದಕ್ಕೆ ಇಂಜಿನ್ ಎದ್ದಿತು. ಆಕ್ಸಿಲರೇಟರ್ ಬಿಟ್ಟರೂ ಇಳಿಯದೆ ಕಿರುಚುತ್ತಲೇ ಹೋಯಿತು. ಕಾರ್ಬೊರೇಟರ್ ಇಂಜಿನ್ನಿಗೆ ಕೂರುವ ಜಾಗಕ್ಕೆ ಅವನು ಪಿಚಕಾರಿಯಿಂದ ಆಯಿಲ್ ಹೊಡೆದ. ಅಲ್ಲಿನ ಸಂದು ಆಯಿಲನ್ನು ಬಾಯಾರಿದಂತೆ ಹೀರಿತು. ಕಿರುಚಾಟ ತಗ್ಗಿತು. ಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದಲೇ.

ಎರಡು ನಟ್ ಬಿಚ್ಚಿ ಕಾರ್ಬೊರೇಟರ್ ಎಳೆದ. ಅಲ್ಲಿ ಅವನು ಹಾಕಿದ್ದ, ಸಂದು ಮುಚ್ಚುವ ಕಪ್ಪು ಫೈಬರ್ ಗ್ಯಾಸ್ಕೆಟ್ ಇರಲಿಲ್ಲ. ಕತ್ತರಿಯಿಂದ ಕತ್ತರಿಸಿದ ದಪ್ಪ ಕಾಗದವಿತ್ತು. ಮೇಲೆ ಉಬ್ಬಿದ ಬಂಗಾರದ ಗುಲಾಬಿ, ಅರ್ಧ. ಹಿಂದೆ ನೀಲಿ ಇಂಕಿನಲ್ಲಿ ಹೃಷಿಕೇಶನ ಅಕ್ಷರ: *ನಿನ್ನ ಹೊರತು.*

ಅವಳ ಹುಟ್ಟುಹಬ್ಬಕ್ಕೆ ಅವನು ಕೊಟ್ಟ ಗ್ರೀಟಿಂಗ್ ಕಾರ್ಡ್. ಅನಿಲ ಅವಳ ಕೈಯಿಂದ ಕಿತ್ತುಕೊಂಡದ್ದು.

"ಹೊಡತ ತಿಂದವನ ಕೆಲಸ ನಂಬಲಿಲ್ಲ ಅಂವ," ಎಂದ ಹೃಷಿಕೇಶ ನಿಧಾನ. "ಮನೀಗೆ ಹೋಗಿ ಬಿಚ್ಚಿ ನೋಡ್ಯಾನ. ಫೈಬರ್ ಹರದಿರಬೇಕು. ಕೈಗೆ ಸಿಕ್ಕಿದ್ದು ಕತ್ತರಿಸಿ ಹಾಕ್ಯಾನ. ಉಬ್ಬು ಹೂವು ನೋಡು, ಸಮ ಕೂಡಲಿಲ್ಲ. ಸಂದಿನಾಗಿಂದ ಗಾಳಿ ಒಳಗ ಹೋತು."

"ಆವತ್ತು ಮಧ್ಯಾಹ್ನ ಅಂವ ಕತ್ತರಿ ಕೇಳಿದ. ನಾನೇ ಕೊಟ್ಟೆ."

ಅವಳಿಗೆ ನಗು ಬಂತು. ಅಣ್ಣ ಸತ್ತ ಕಾರಣ ಕಣ್ಣೆದುರಿಗಿತ್ತು, ಅವಳ ಎದೆ ಹಗುರಾಗಿ ನಗುತ್ತಿತ್ತು. ಆ ನಗುವನ್ನು ಸಹಿಸಲಾರದೆ ಅವನ ಭುಜಕ್ಕೆ, ಎದೆಗೆ, ಮುಷ್ಟಿಯಿಂದ ಗುದ್ದಿದಳು. ಅವನು ಎಣಿಸದೆ ಗುದ್ದು ತಿಂದ.

"ಒಂದು ವರ್ಷ ನಿನ್ನ ದ್ವೇಷ ಮಾಡ್ಲಿಕ್ಕೆ ನೋಡೀನಿ," ಎಂದಳು ಏದುಸಿರಿನಲ್ಲಿ. "ಬರಲಿಲ್ಲ."

ಅವನು ಕಾಗದ ಹಿಡಿದು ಬಾಗಿಲಾಚೆ ಹೋದ. "ಅನಿಲ ತನ್ನ ಕೈಯಾರೆ ಹೋದ ಅಂತ ನಿಮ್ಮವ್ವಗ ಹೇಳಬ್ಯಾಡ. ಅವರಿಗೆ ಬೈಲಿಕ್ಕೆ ನಾ ಇದ್ದೀನಿ. ರೂಢಿ ಆಗೇದ." ಕಡ್ಡಿ ಗೀರಿದ.

ಪೆಟ್ರೋಲ್ ಕುಡಿದ ಕಾಗದ ಭಗ್ಗೆಂದಿತು. ಮೇದಿನಿ ಬರಿಗೈಯಲ್ಲಿ ಅದನ್ನು ನೆಲಕ್ಕೆ ಅಪ್ಪಳಿಸಿ ಆರಿಸಿದಳು.

"ಸುಳ್ಳಿನ ಜೋಡಿ ಸಂಸಾರ ಮಾಡಂಗಿಲ್ಲ ನಾ. ಹೊಸಾ ಗ್ಯಾಸ್ಕೆಟ್ ಹಾಕು. ಮನೀಗೆ ನಡಿ."

ಹಾಡಹಗಲು, ಇಡೀ ಸೊಸೈಟಿ ನೋಡುತ್ತಿರುವಾಗ, ಜಾವಾದ ಮೇಲೆ ಅವನ ಸೊಂಟ ಹಿಡಿದು ಬಂದು ಮನೆಯ ಗೇಟಿನ ಮುಂದೆ ಇಳಿದಳು. ತುಳಸಿಗೆ ನೀರು ಹಾಕುತ್ತಿದ್ದ ತಾಯಿ ಪದ್ಮಾವತಿ ಕೈಲಿದ್ದ ತಂಬಿಗೆಯನ್ನೇ ಎಸೆದರು. ಅದು ಹೃಷಿಕೇಶನ ಹುಬ್ಬು ಸೀಳಿತು. ಅವನು ಅಲುಗಲಿಲ್ಲ.

ಮೇದಿನಿ ಅಂಗೈ ಬಿಚ್ಚಿದಳು. "ಅಣ್ಣ ಹಾಕಿದ್ದವ್ವಾ ಇದು, ಇಂಜಿನ್ನಿಗೆ. ಇದರಿಂದನ ಅದು ಕಚ್ಚಿಕೊಂಡದ್ದು. ಕತ್ತರಿ ಕೊಟ್ಟಾಕಿ ನಾ."

ಸುಟ್ಟ ಅಂಚಿನ ಕಾಗದವನ್ನು ಪದ್ಮಾವತಿ ಬಹಳ ಹೊತ್ತು ನೋಡಿದರು. ಮಗಳ ಕೆನ್ನೆಗೆ ಒಂದು ಬಿಗಿದರು. ಆಮೇಲೆ ಅಂಗೈಯ ಬೊಬ್ಬೆ ಕಂಡಿತೇನೋ, ಅದೇ ಕೈ ಹಿಡಿದು ನಲ್ಲಿಯ ಕಡೆ ಎಳೆದುಕೊಂಡು ಹೋದರು. ಹೋಗುತ್ತ, ಅವನತ್ತ ತಿರುಗದೆ ಅಂದರು: "ಗಾಡಿ ಬಂದ್ ಮಾಡು. ಒಳಗ ಬಂದು ಹಣಿ ತೊಳ್ಕೊ."

ನೀರಿನ ಸದ್ದಿನ ಮೇಲೆ ಮೇದಿನಿಯ ದನಿ ಬಂತು: "ಓಡಿ ಹೋದ್ರ ಕಾಲ ಮುರೀತೀನಿ."

"ಎಲ್ಲಿಗೆ ಹೋಗ್ಲಿ," ಎಂದು ಹೃಷಿಕೇಶ ಚಪ್ಪಲಿ ಬಿಟ್ಟ.