ವಾರ್ಮರ್ ನಿಂತಿದ್ದ ಮೂಲೆ

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಒಮ್ಮೆ ಕೆಮ್ಮಿದರೆ ಸಾಕು, ಸುತ್ತಲ ಹತ್ತೂರಿನ ಕಳ್ಳರು ಕದ್ದ ಮಾಲನ್ನು ತಾವೇ ಹೊತ್ತು ತಂದು ಠಾಣೆಯ ಮೆಟ್ಟಿಲ ಮೇಲಿಟ್ಟು, ಕೈಕಟ್ಟಿ ನಿಂತು ರಸೀದಿ ಕೇಳುತ್ತಾರೆ. ಆ ರಸೀದಿಗಳನ್ನು ಬರೆದು ಬರೆದು ನನ್ನ ಹೆಬ್ಬೆರಳು ಅರ್ಧ ಇಂಚು ಸವೆದಿದೆ. ಠಾಣೆಯ ಬರವಣಿಗೆಯೆಲ್ಲ ನನ್ನದೇ. ಹಾಗಾಗಿ ಈ ಪ್ರಕರಣವನ್ನು ನನ್ನಷ್ಟು ಸರಿಯಾಗಿ ಹೇಳಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡಾಸ್ಪತ್ರೆಯ ಅಧೀಕ್ಷಕರು ದೂರು ತಂದರು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರ, ವಾರ್ಮರ್, ವಾರ್ಡಿನಿಂದ ಕಳುವಾಗಿದೆ. ಆಸ್ಪತ್ರೆಯ ವ್ಯಾನೂ ಇಲ್ಲ, ಅದರ ಚಾಲಕನೂ ಇಲ್ಲ. ಬುಧವಾರ ಅನುದಾನ ಕೊಡುವವರ ತಪಾಸಣಾ ತಂಡ ಬರುತ್ತದೆ. ಕಾರಣವಿಲ್ಲದೆ ಆ ಮೂಲೆ ಖಾಲಿ ಕಂಡರೆ ಮುಂದಿನ ವರ್ಷದ ಅನುದಾನಕ್ಕೆ ಕಲ್ಲು ಬೀಳುತ್ತದೆ.

"ಮಾಲು ನಿಧಾನಕ್ಕೆ ಸಿಗಲಿ. ಎಫ್‌ಐಆರ್ ಪ್ರತಿ ಮಾತ್ರ ಇವತ್ತೇ ಬೇಕು" ಎಂದರು.

ಕಳೆದುಕೊಂಡವರು ಹಾಗೆ ಮಾತಾಡುವುದಿಲ್ಲ. ಸಾಹೇಬರ ಹುಬ್ಬು ಮೇಲೇರಿದ ರಭಸಕ್ಕೆ ಟೋಪಿ ಫ್ಯಾನಿಗೆ ತಗುಲಿತು. ಆದರೂ ಎಫ್‌ಐಆರ್ ದಾಖಲಿಸಿ, ನನ್ನನ್ನೂ ಹೆಡ್ ಕಾನ್ಸ್‌ಟೇಬಲ್ ಅಕ್ಕನನ್ನೂ ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು.

ಯಂತ್ರ ನಿಂತಿತ್ತೆಂದು ತೋರಿಸಿದ ಮೂಲೆಯಲ್ಲಿ ಧೂಳು ಹಾಸಿದಂತೆ ಸಮನಾಗಿತ್ತು. ಗಾಲಿಯ ಗುರುತಿಲ್ಲ. ಗೋಡೆಯ ಸಾಕೆಟ್ಟಿಗೆ ಜೇಡ ಬಲೆ ಕಟ್ಟಿತ್ತು. ಅದರ ಮುತ್ತಜ್ಜಿಯ ಕಾಲದಿಂದ ಸಂಸಾರ ಅಲ್ಲೇ ಎಂದು ನಾನು ಆಣೆ ಮಾಡಬಲ್ಲೆ. ಪಕ್ಕದಲ್ಲಿ, ರಟ್ಟಿನ ಪೆಟ್ಟಿಗೆಯೊಂದರಲ್ಲಿ, ಮನೆಯಲ್ಲಿ ಉರಿಸುವಂಥ ಸಾದಾ ಬಲ್ಬಿನ ಕೆಳಗೆ ಒಂದು ಕೂಸು ಮಲಗಿತ್ತು. ಬಲ್ಬು ಒಮ್ಮೆ ಮಿಣುಕಿತು. ವಾರ್ಡಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೇ ತಲೆಯೆತ್ತಿ ನೋಡಿದರು.

ಸಾಹೇಬರು ನರ್ಸಮ್ಮನನ್ನು ಕೇಳಿದರು.

"ಯಂತ್ರ ಯಾವಾಗ ಹೋಯ್ತು?"

"ಯಾವ ಸಲ, ಸಾರ್?"

"ಅಂದ್ರೆ?"

"ತಪಾಸಣೆಗೆ ಮುಂಚೆ ಬರುತ್ತೆ, ಮುಗಿದ ಮೇಲೆ ಹೋಗುತ್ತೆ. ಈ ಸಲ ಬರಲೇ ಇಲ್ಲ."

ಅಲ್ಲಿಂದ, ಅದೇ ಅನುದಾನ ಪಡೆದ ಉಳಿದ ಆಸ್ಪತ್ರೆಗಳನ್ನು ಒಂದೊಂದಾಗಿ ನೋಡಿದೆವು. ಎಲ್ಲ ಕಡೆಯೂ ಗೋಡೆಯ ಮೇಲೆ ರಿಬ್ಬನ್ ಕತ್ತರಿಸುವ ಫೋಟೊ. ಎಲ್ಲ ಫೋಟೊದಲ್ಲೂ ವಾರ್ಮರಿನ ಬಲಬದಿಗೆ ಅದೇ ಸುಟ್ಟ ಕಲೆ. ಏಳು ಆಸ್ಪತ್ರೆಗೆ ಏಳು ಯಂತ್ರದ ಅನುದಾನ ಬಂದಿತ್ತು, ತಿರುಗುತ್ತಿದ್ದದ್ದು ಒಂದು.

"ಏಳು ಮನೆಗೆ ಒಬ್ಬನೇ ಅಳಿಯ. ಊಟಕ್ಕೆ ಬರ್ತಾನೆ, ಉಳಿಯಲ್ಲ" ಎಂದರು ಅಕ್ಕ. ನಗು ಯಾರಿಗೂ ಬರಲಿಲ್ಲ, ಅವರಿಗೂ.

ಉಳಿದ ಆರು ಎಲ್ಲಿ ಎಂದು ಸಾಹೇಬರು ಅಧೀಕ್ಷಕರಿಗೆ ಫೋನ್ ಮಾಡಿ ಕೇಳಿದರು. ಅದು ದೂರಿನಲ್ಲಿ ಇಲ್ಲವಲ್ಲ ಎಂದು ಉತ್ತರ ಬಂತು.

ಸಂಜೆ, ಡಾಂಬರು ಮುಗಿಯುವಲ್ಲಿನ ಏಳನೆಯ ಆಸ್ಪತ್ರೆಯ ಹಿಂದೆ ವ್ಯಾನು ಸಿಕ್ಕಿತು. ವಾರ್ಡಿನ ಕಿಟಕಿಗೆಲ್ಲ ಹೊದಿಕೆ ಕಟ್ಟಿದ್ದರು. ಒಳಗೆ ಕೆಂಪನೆಯ ಮಂದ ಬೆಳಕು. ಬೆಳಕಿನ ಕೆಳಗೆ, ಸುಟ್ಟ ಕಲೆಯ ಯಂತ್ರದಲ್ಲಿ, ನನ್ನ ಅಂಗೈಗಿಂತ ತುಸು ದೊಡ್ಡದೊಂದು ಕೂಸು. ಈ ಮಾತಿಗೆ ನಾನು ಉಪ್ಪುಖಾರ ಹಚ್ಚಿಲ್ಲ. ಪ್ಲಗ್ಗಿಗೆ ಬೆನ್ನು ಕೊಟ್ಟು ಚಾಲಕ ನೆಲದ ಮೇಲೆ ಕೂತಿದ್ದ. ಯಂತ್ರ ಅಲುಗಬಾರದೆಂದು ನಿಧಾನ ಓಡಿಸುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ಆಮೆ.

"ಕದ್ದೆಯಾ?" ಎಂದರು ಸಾಹೇಬರು.

"ಇಲ್ಲ ಸಾರ್. ತಗೊಂಡು ಹೋಗ್ಲಿಲ್ಲ, ಅಷ್ಟೇ."

"ನಿನ್ನೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಿತ್ತು."

"ಹೋದ ಸಲ ಒಯ್ದೆ. ಆಗ ಈ ಮಂಚದಲ್ಲಿ ಬೇರೆ ತಾಯಿ ಇದ್ಲು. ಇನ್ನೊಂದು ದಿನ ಬಿಡಣ್ಣ ಅಂದ್ಲು. ಆರ್ಡರ್ ಆಗಿದೆ ತಾಯಿ ಅಂದೆ. ವಾಪಸ್ ತಂದಾಗ ಮಂಚ ಖಾಲಿ, ಸಾರ್."

ಆರು ನಲವತ್ತಕ್ಕೆ ದಸ್ತಗಿರಿ. ಅವನು ತಾನಾಗಿ ಎದ್ದು, ಪ್ಲಗ್ಗನ್ನೊಮ್ಮೆ ಒತ್ತಿ ನೋಡಿ, ಅಕ್ಕನ ಜೊತೆ ಜೀಪು ಹತ್ತಿದ. ಪಂಚನಾಮೆ ಬರೆಯಲು ನಾನು ಉಳಿದೆ.

ಆಗ ಮೇಲಿನಿಂದ ಕರೆ ಬಂತು. ಮಾಲನ್ನು ಈಗಲೇ ಜಪ್ತಿ ಮಾಡಿ ಠಾಣೆಗೆ ತನ್ನಿ, ತಂಡದವರ ಕಣ್ಣಿಗೆ ಅದು ಅಲ್ಲಿ ಬೀಳಕೂಡದು. ಸಾಹೇಬರು ಗುಡುಗಿದರು ನೋಡಿ, ಅತ್ತ ಕಡೆ ಮೇಲಧಿಕಾರಿ ಕುರ್ಚಿ ಸಮೇತ ಮಗುಚಿಕೊಂಡರು! ಯಂತ್ರವನ್ನು ಅಲ್ಲಿಯ ನರ್ಸಮ್ಮನ ಸುಪರ್ದಿಗೆ ಒಪ್ಪಿಸಿ, ಪ್ಲಗ್ಗಿಗೆ ಇಬ್ಬರು ಪೇದೆಗಳ ಕಾವಲಿಟ್ಟು ಹೊರಟರು. ಕೂಸು ಕೈಯೆತ್ತಿ ನಮಗೆಲ್ಲ ಸಲ್ಯೂಟ್ ಹೊಡೆಯಿತು.

ಮಾರನೆಯ ಮಧ್ಯಾಹ್ನ ಲಾಕಪ್ಪಿನ ಸರಳಿಗೆ ಒರಗಿ ಆಮೆಗೂ ಇದನ್ನೇ ಹೇಳಿದೆ. ಬೆಳಗಿನಿಂದ ಅವನು ತಟ್ಟೆ ಮುಟ್ಟಿರಲಿಲ್ಲ, ಕೂಸಿನ ಸುದ್ದಿಯೊಂದನ್ನೇ ಕೇಳುತ್ತಿದ್ದ. ಸಲ್ಯೂಟಿನವರೆಗೂ ಸುಮ್ಮನೆ ಕೇಳಿಸಿಕೊಂಡ.

"ರಾತ್ರಿ ಪಕ್ಕದ ಕೋಣೆಗೆ ಏನೋ ತಳ್ಕೊಂಡು ಬಂದ್ರಲ್ಲಣ್ಣ" ಎಂದ. "ಒಂದು ಗಾಲಿ ಕಿರ್ ಅಂತು."

ಹಳೇ ಬೀರು ಎಂದೆ.

"ಅದನ್ನ ತಳ್ಳೋನು ನಾನು."

ಆಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಯಾರೂ ಗುಡುಗಲಿಲ್ಲ. ಸಾಹೇಬರು ಫೋನಿನಲ್ಲಿ ಆಯ್ತು ಸಾರ್, ಆಯ್ತು ಸಾರ್ ಎಂದು ಹೇಳಿ ಗೋಡೆಯ ಕಡೆ ತಿರುಗಿ ನಿಂತರು. ಪ್ಲಗ್ ಕಿತ್ತೆವು. ನರ್ಸಮ್ಮ ಕೂಸನ್ನು ತಾಯಿಯ ಎದೆಗೆ ಬಟ್ಟೆಯಲ್ಲಿ ಕಟ್ಟಿದಳು. ಯಂತ್ರ ಅರಗಿನ ಮುದ್ರೆ ಹೊತ್ತು ಪಕ್ಕದ ಕೋಣೆಯಲ್ಲಿದೆ, ಕೋರ್ಟು ಹೇಳುವ ತನಕ ಅಲ್ಲೇ ಇರುತ್ತದೆ. ಅಧೀಕ್ಷಕರಿಗೆ ಎಫ್‌ಐಆರ್ ಪ್ರತಿ ಸಿಕ್ಕಿದೆ.

ಅವನು ಸರಳು ಹಿಡಿದು ಹತ್ತಿರ ಬಂದ.

"ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಣ್ಣ."

"ಬೆಳಿಗ್ಗೇನೇ ಮಾಡಿದ್ದೆ" ಎಂದೆ. "ಅದಕ್ಕೇ ಈ ಕತೆ ಕಟ್ಟಿದ್ದು."