ಅಬ್ಷಾಲೋಮನ ಟ್ರಂಪೆಟ್

ಹೆಬ್ಬೆರಳಷ್ಟು ಉದ್ದದ ಹಿತ್ತಾಳೆ ತುಂಡೊಂದು ಸಂಜೆ ಆರಕ್ಕೆ ಕಾಣೆಯಾಯಿತೆಂಬುದನ್ನು ಲೋಕವು ಗಂಭೀರವಾಗಿ ಪರಿಗಣಿಸತಕ್ಕದ್ದು. ಸಭಾಂಗಣದ ಮ್ಯಾನೇಜರಂತೂ ಹಾಗೆಯೇ ಪರಿಗಣಿಸಿದರು. ಅವರು ನಿವೃತ್ತ ಇನ್ಸ್‌ಪೆಕ್ಟರ್. ಖಾಲಿ ಕುರ್ಚಿಗಳಿಗೆ ಕಾವಲಿದ್ದು ಬೇಸತ್ತಿದ್ದರು.

ತುಂಡು ಟ್ರಂಪೆಟ್ಟಿನ ಮೌತ್‌ಪೀಸ್, ತುಟಿಯಿಟ್ಟು ಊದುವ ಬಿಡಿ ತುದಿ. ಟ್ರಂಪೆಟ್ ಪಿಯಾನೋ ಮೇಷ್ಟರ ಮಗನದು. ಮಗ ತೀರಿಕೊಂಡು ಮೂರು ವರ್ಷ. ಬೈಬಲ್ಲಿನ ದಾವೀದ ರಾಜ, ತನ್ನ ಮೇಲೇ ತಿರುಗಿಬಿದ್ದು ಸತ್ತ ಮಗ ಅಬ್ಷಾಲೋಮನಿಗಾಗಿ ಅತ್ತ ಕಥೆಗೆ ಮೇಷ್ಟರು ಜಾಸ್ ಕಟ್ಟಿದ್ದರು. ಏಳಕ್ಕೆ ಕಛೇರಿ.

"ಅದು ಸಿಗದೆ ನಾನು ಪಿಯಾನೋ ಮುಟ್ಟಲ್ಲ," ಎಂದರು ಮೇಷ್ಟರು. "ಅವನು ಮನೆ ಬಿಟ್ಟ ದಿನ ಮುಖ ನೋಡದೆ ಬಾಗಿಲು ಹಾಕ್ಕೊಂಡೋನು ನಾನು. ಇವತ್ತಾದ್ರೂ ಅವನ ಟ್ರಂಪೆಟ್ ಕೇಳ್ಬೇಕು."

ಗ್ರೀನ್‌ರೂಮಿಗೆ ಹೋಗಿಬಂದವರು ಮೂವರು — ಡ್ರಮ್ಮಿನವ, ಹೊಸ ಟ್ರಂಪೆಟ್ಟಿನವ, ಮೇಷ್ಟರ ಹೆಂಡತಿ.

"ನನ್ನ ಮೇಲೆ ಅನುಮಾನಾನಾ ಸಾರ್?" ಎಂದ ಡ್ರಮ್ಮಿನವ. "ಕದಿಯೋದಾದ್ರೆ ಇಡೀ ಟ್ರಂಪೆಟ್ಟೇ ಕದೀತಿದ್ದೆ — ಇವನು ಊದೋದು ಕೇಳಿದೀರಾ?"

"ಸುಮ್ನಿರೋ!" ಎಂದ ಟ್ರಂಪೆಟ್ಟಿನವ. "ಸಾರ್, ಬೆಳಿಗ್ಗೆ ಮೇಷ್ಟರೇ ಪೆಟ್ಟಿಗೆ ಕೊಟ್ಟರು. ಗುಂಡಿ ಒತ್ತಿ ನೋಡಿದೆ, ಬೆಣ್ಣೆ ಹಾಗೆ ಇಳೀತು. ಇನ್ನೂ ಊದದೆ ಗ್ರೀನ್‌ರೂಮಲ್ಲೇ ಇಟ್ಟಿದ್ದೆ. ಸಂಜೆ ಟೀ ಕುಡಿದು ಆರಕ್ಕೆ ಬಂದ್ರೆ ಮೌತ್‌ಪೀಸ್ ಇಲ್ಲ."

"ಬೇರೆ ಇಲ್ವಾ?" ಎಂದರು ಮ್ಯಾನೇಜರು.

"ನಂದು ಜೇಬಲ್ಲೇ ಇದೆ. ಊದೋರೆಲ್ಲ ಇಟ್ಕೊಂಡಿರ್ತಾರೆ. ಮೇಷ್ಟರು ಬೇಡ ಅಂತಾರೆ."

"ಮೇಷ್ಟ್ರೇ, ನೀವು ಮನೆಯಲ್ಲಿ ಪೆಟ್ಟಿಗೆ ತೆಗೆದಿದ್ರಾ?"

"ಮೂರು ವರ್ಷದಲ್ಲಿ ಒಮ್ಮೆಯೂ ಇಲ್ಲ. ಧೈರ್ಯ ಎಲ್ಲಿತ್ತು?"

ಮ್ಯಾನೇಜರು ಹಿಂಬಾಗಿಲ ಮೆಟ್ಟಿಲಿಗೆ ಹೋದರು. ಮೇಷ್ಟರ ಹೆಂಡತಿ ಕೈಚೀಲ ಅವಚಿಕೊಂಡು ಕೂತಿದ್ದರು.

"ಅಮ್ಮಾ, ಕಛೇರಿ ಕೆಡಿಸೋರು ಮೌತ್‌ಪೀಸ್ ಕದಿಯಲ್ಲ. ಊದೋನ ಜೇಬಲ್ಲಿ ಇನ್ನೊಂದಿರುತ್ತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಕದ್ದೋರಿಗೆ ಆ ಮೌತ್‌ಪೀಸೇ ಬೇಕಿತ್ತು. ಇನ್ನು, ಮೂರು ವರ್ಷ ಯಾರೂ ಮುಟ್ಟದಿದ್ರೆ ಗುಂಡಿ ಕಚ್ಕೊಂಡು ಬಿಡುತ್ತೆ. ಇದು ಬೆಣ್ಣೆ ಹಾಗಿದೆ. ಎಣ್ಣೆ ಹಾಕಿದ್ದು ಯಾರು? ಮನೆಯಲ್ಲಿರೋದು ಇಬ್ಬರು. ಯಜಮಾನರು ಪೆಟ್ಟಿಗೆ ತೆಗೆದಿಲ್ಲ. ನೀವೇ ಅಲ್ವಾ?"

ಆಕೆ ತಲೆಯೆತ್ತಲಿಲ್ಲ.

"ಪ್ರತಿ ಭಾನುವಾರ ಹಾಕ್ತಿದ್ದೆ ಅಣ್ಣಾ. ಎಲ್ಲ ಒರೆಸ್ತಿದ್ದೆ, ಅದೊಂದನ್ನ ಬಿಟ್ಟು. ಅವನ ತುಟಿ ತಾಗಿದ್ದು. ಒರೆಸಿದ್ರೆ ಹೋಗಿಬಿಡುತ್ತಲ್ಲ? ಇವತ್ತು ಇನ್ಯಾರೋ ಬಾಯಿಟ್ಟು…"

ಮ್ಯಾನೇಜರಿಗೆ ತಮ್ಮ ಜಾಣತನದ ಮೇಲೇ ಸಿಟ್ಟು ಬಂತು. ಬಾಗಿಲಲ್ಲಿ ಮೇಷ್ಟರು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ನಂಗೂ ಒಂದು ಭಾನುವಾರ ಹೇಳಬಾರದಿತ್ತೇನೇ?"

"ಅವನ ಹೆಸರೆತ್ತಬೇಡ ಅಂದಿದ್ರಲ್ಲ."

ಮೇಷ್ಟರು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಚೀಲ ತೆರೆ ಎಂದು ಹೇಳಲಿಲ್ಲ.

ಕಛೇರಿ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು. ಮೇಷ್ಟರ ಪಿಯಾನೋ ಜೊತೆ, ಟ್ರಂಪೆಟ್ಟಿನವ ಆ ಟ್ರಂಪೆಟ್ಟಿಗೆ ತನ್ನ ಮೌತ್‌ಪೀಸನ್ನೇ ಹಾಕಿ ಊದಿದ.