ಖಾಲಿ ಯಂತ್ರದ ಉಸಿರು

ಅದು ಶುರುವಾದದ್ದು ಚಳಿಗಾಲದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ. ನಾನು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವನು. ಓದಿದ್ದು ಮೂರನೆಯ ತರಗತಿ. ಆದರೂ ಪುಡಿ ಯಾವುದೆಂದು ಗುರುತಿಸುವ ಇನ್‌ಫ್ರಾರೆಡ್ ಯಂತ್ರ ಕಾಗದದ ಮೇಲೆ ಎಳೆಯುವ ಗೆರೆಯಲ್ಲಿ ಉಸಿರಿನ ತಗ್ಗು ಯಾವುದೆಂದು ಬಲ್ಲೆ. ಹತ್ತಿರ ನಿಂತವರ ಉಸಿರೂ ಅದರಲ್ಲಿ ಮೂಡುತ್ತದೆ. ಅದಕ್ಕೇ ಪುಡಿ ಇಡುವ ಮೊದಲು ಖಾಲಿ ಯಂತ್ರ ಓಡಿಸಿ ನೋಡುತ್ತಾರೆ.

ಪ್ರಯೋಗಾಲಯ ನಡೆಸುತ್ತಿದ್ದ ದೊಡ್ಡ ಮೇಷ್ಟ್ರು ತೀರಿಕೊಂಡು ಹದಿನೈದು ದಿನವಾಗಿತ್ತು. ಅವರು ಕೊನೆಗೆ ಮಾಡಿಟ್ಟ ಬಿಳಿ ಪುಡಿ ಏನೆಂದು ಶನಿವಾರದೊಳಗೆ ಹೇಳದಿದ್ದರೆ ಅವರ ಶಿಷ್ಯೆಯ ಕೆಲಸ ಹೋಗುತ್ತಿತ್ತು.

"ಅಜ್ಜ, ಕಮ್ಮಾರನ ತಿದಿ ಥರ ಉಸಿರು ಬಿಡ್ತೀರಲ್ಲ, ಆಚೆ ನಿಂತ್ಕೊಳ್ಳಿ!" ಎಂದಳು ಅವಳು, ಖಾಲಿ ಗೆರೆಯಲ್ಲಿ ತಗ್ಗು ಕಂಡು.

"ಆಯ್ತು ತಾಯಿ, ಬೇಕಾದ್ರೆ ಉಸಿರಾಡೋದನ್ನೇ ಬಿಡ್ತೀನಿ" ಎಂದು ಬಾಗಿಲಿಗೆ ಹೋಗಿ ನಿಂತೆ.

ಅವಳೂ ಉಸಿರು ಬಿಗಿಹಿಡಿದಳು. ತಗ್ಗು ಮತ್ತೆ ಬಂತು. ಎಂಟು ಸಲ ಖಾಲಿ ಓಡಿಸಿದಳು. ಮೂರು ಗೆರೆಯಲ್ಲಿ ಸಣ್ಣ ತಗ್ಗು, ನಾಲ್ಕನೆಯದರಲ್ಲಿ ದೊಡ್ಡದು, ಮತ್ತೂ ಹಾಗೆಯೇ. ಉಬ್ಬಸವಿದ್ದ ಮೇಷ್ಟ್ರು ಮೂರು ಸಣ್ಣ ಉಸಿರಾಡಿ, ಆಮೇಲೆ ಒಂದು ದೊಡ್ಡದು ಬಿಡುತ್ತಿದ್ದರು.

ಅವಳು ಎಂಟೂ ಕಾಗದ ಸಾಲಾಗಿ ಇಟ್ಟು ನೋಡಿದಳು. ಆಮೇಲೆ ಮೆಲ್ಲಗೆ, "ಮೇಷ್ಟ್ರೇ, ನೀವೂ ಒಂಚೂರು ಬಾಗಿಲ ಕಡೆ ಹೋಗ್ತೀರಾ?" ಎಂದಳು.

ಮುಂದಿನ ಗೆರೆ ಸಾಫಾಗಿ ಬಂತು. ಆಮೇಲೆ ಪುಡಿ ಇಟ್ಟಳು, ಅದು ಏನೆಂದು ಗೊತ್ತಾಯಿತು. ಪುಡಿ ಗುರುತಿಸುವ ಇನ್ನೊಂದು ಯಂತ್ರ, ಎನ್‌ಎಂಆರ್, ಅದೂ ಅದನ್ನೇ ಹೇಳಿತು. ಆದರೆ ಬಾಗಿಲಲ್ಲಿ ನಿಂತಿದ್ದ ನನ್ನ ಕತ್ತಿನ ಹಿಂದೆ ಬೆಚ್ಚಗಾಯಿತು, ಮೂರು ಸಲ ಸಣ್ಣಗೆ, ಒಂದು ಸಲ ದೀರ್ಘವಾಗಿ.

ಯಂತ್ರದಲ್ಲಿ ಆ ತಗ್ಗು ಮತ್ತೆ ಬರಲಿಲ್ಲ. ಕೆಲಸ ಉಳಿದರೂ ಸೋಮವಾರ ಅವಳು ಬಿಟ್ಟು ಹೋದಳು. ಹೋದವಳು ಅವಳೊಬ್ಬಳೇ; ಬಾಗಿಲಲ್ಲಿ ನಿಂತರೆ ನನ್ನ ಕತ್ತು ಈಗಲೂ ಬೆಚ್ಚಗಾಗುತ್ತದೆ.